ಗಾಂಧಾರ ಎಲ್ಲಿ ಕೂರಬೇಕು? ಮನೆಯ ಪೇಟಿಯನ್ನು ತಂಬೂರಿಗೆ ಹೊಂದಿಸುವ ಲೆಕ್ಕ

ಪುಣೆಯ ಕೋಥರೂಡಿನಲ್ಲಿ ನಾವು ಏಳೆಂಟು ಕನ್ನಡ ಮನೆಗಳವರು ಶನಿವಾರ ಸಂಜೆ ದಾಸರ ಪದಗಳನ್ನು ಹಾಡಲು ಸೇರುತ್ತೇವೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಕೆಲಸ ನನ್ನದು. ಕಳೆದ ಮಳೆಗಾಲದ ಒಂದು ಸಂಜೆ, ಧಾರವಾಡದ ಅಕ್ಕನೊಬ್ಬರು ಭೂಪ ರಾಗದಲ್ಲಿ ಕೂಡಿಸಿದ ಪದವೊಂದನ್ನು ಹಾಡುತ್ತ ಗಾಂಧಾರದ, ಅಂದರೆ ಸರಿಗಮದ ಗ ಸ್ವರದ, ಮೇಲೆ ನಿಂತರು. ಮತ್ತೊಮ್ಮೆ ನಿಂತರು. ಆಮೇಲೆ ಕೈಯೆತ್ತಿ, "ತಮ್ಮಾ, ಪೇಟಿ ಸ್ವಲ್ಪ ನಿಲ್ಲಿಸು. ಅದು ನನ್ನನ್ನು ಮೇಲಕ್ಕೆ ಎಳೆಯುತ್ತಿದೆ" ಎಂದರು. ನಿಲ್ಲಿಸಿದೆ. ಬರಿಯ ತಂಬೂರಿಯ ಮೇಲೆ ಅವರು ಅದೇ ಗಾಂಧಾರವನ್ನು ಹಿಡಿದಾಗ ಕೋಣೆಯೇ ತುಂಬಿಕೊಂಡಿತು.

ಅವರ ಕಿವಿ ಹೇಳಿದ್ದನ್ನು ಅಂಕಿಯಲ್ಲಿ ಹೇಳಬಹುದು. ಅಂಗಡಿಯಿಂದ ಬರುವ ಪೇಟಿಯ ಗಾಂಧಾರ, ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಸೆಂಟ್ ಎಂದರೆ ಸ್ವರಗಳ ಅಂತರವನ್ನು ಅಳೆಯುವ ಮಾನ; ಪೇಟಿಯಲ್ಲಿ ಬೆರಳಿನಿಂದ ಒತ್ತುವ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರ 100 ಸೆಂಟ್. ಅಂದರೆ ಏಳನೆಯ ಒಂದು ಭಾಗದಷ್ಟು ತಪ್ಪು. ಕೇಳಿದರೆ ಸಣ್ಣದು ಅನ್ನಿಸುತ್ತದೆ, ಆದರೆ ನಿಂತ ಸ್ವರದಲ್ಲಿ ಅದನ್ನು ಸಹಿಸುವುದು ಕಷ್ಟ. ಈ ತಪ್ಪು ಎಲ್ಲಿಂದ ಬಂತು, ಮನೆಯಲ್ಲೇ ಕೂತು ಅದನ್ನು ಅಳೆಯುವುದು ಹೇಗೆ, ಬೇಕಿದ್ದರೆ ತಿದ್ದುವುದು ಹೇಗೆ ಎಂಬುದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ತಂಬೂರಿ, ಒಂದು ಪೇಟಿ, ಸೆಂಟ್ ತೋರಿಸುವ ಶ್ರುತಿಮಾಪಕವಿರುವ ಮೊಬೈಲ್, ಮತ್ತು ಮನೆಯವರೆಲ್ಲ ಹೊರಗೆ ಹೋಗಿರುವ ಎರಡು ಮೂರು ಗಂಟೆಯ ನಿಶ್ಶಬ್ದ.

ಮೊದಲ ಹೆಜ್ಜೆ: ಸಾ ಗೊತ್ತುಮಾಡಿಕೊಳ್ಳಿ

ನಮ್ಮ ಗುಂಪಿನಲ್ಲಿ ಹೆಂಗಸರ ದನಿಯೇ ಹೆಚ್ಚು, ಹಾಗಾಗಿ ನಮ್ಮ ಸಾ ಕರಿ 5, ಅಂದರೆ ಪೇಟಿಯ ಐದನೆಯ ಕಪ್ಪು ಪಟ್ಟಿ. ಸೆಕೆಂಡಿಗೆ ಸುಮಾರು 233 ಕಂಪನ. ಲೆಕ್ಕಕ್ಕೆ ಮಾತ್ರ ನಾನು 240 ಎಂದು ಇಟ್ಟುಕೊಳ್ಳುತ್ತೇನೆ, ಏಕೆಂದರೆ 240ನ್ನು 2, 3, 5, 8ರಿಂದ ಭಾಗಿಸಿದರೂ ಪೂರ್ಣಾಂಕವೇ ಬರುತ್ತದೆ. ನಿಮ್ಮ ಸಾ ಯಾವುದೇ ಇರಲಿ, ಸ್ವರಗಳ ನಡುವಿನ ಅನುಪಾತ ಬದಲಾಗುವುದಿಲ್ಲ.

ಇದನ್ನು ಅವಸರದಲ್ಲಿ ಗೊತ್ತುಮಾಡಬೇಡಿ. ಮುಂದೆ ಮಾಡುವ ಕೆಲಸವೆಲ್ಲ ಈ ಒಂದು ಸಾಗೆ ಕಟ್ಟುಬೀಳುತ್ತದೆ. ಏಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ತಂಬೂರಿಯನ್ನು ಮಿಡಿತ ನಿಲ್ಲುವವರೆಗೆ ಕೂಡಿಸಿ

ಪೇಟಿಯ ಸಾಗೆ ತಂಬೂರಿಯ ನಡುವಿನ ಜೋಡಿ ತಂತಿಗಳನ್ನು ಕೂಡಿಸಿ. ಎರಡು ತಂತಿಗಳು 240 ಮತ್ತು 242 ಆಗಿದ್ದರೆ ದನಿ ಸೆಕೆಂಡಿಗೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ಇದೇ ಮಿಡಿತ. ಎರಡು ಕಂಪನಸಂಖ್ಯೆಗಳ ವ್ಯತ್ಯಾಸವೇ ಸೆಕೆಂಡಿಗೆ ಕೇಳುವ ಮಿಡಿತಗಳ ಸಂಖ್ಯೆ. ಬಿರಡೆಯನ್ನು ತಿರುಗಿಸುತ್ತ ಹೋದಂತೆ ಅದು ನಿಧಾನವಾಗಿ ಕೊನೆಗೆ ನಿಲ್ಲಬೇಕು. ಕೊನೆಯ ಕೂದಲೆಳೆಯಷ್ಟು ಅಂತರವನ್ನು ತಂತಿಗೆ ಪೋಣಿಸಿದ ಮಣಿ ಸರಿಸಿ ಮುಗಿಸಿ. ಮಳೆಗಾಲದಲ್ಲಿ ಪುಣೆಯ ತೇವಕ್ಕೆ ಬಿರಡೆಯ ಮರ ಉಬ್ಬಿ ಬಿಗಿಯಾಗುತ್ತದೆ. ಆಗ ಬಲ ಹಾಕಿ ತಿರುಗಿಸಿದರೆ ತಂತಿ ತುಂಡಾಗುತ್ತದೆ.

ಇನ್ನು ಪಂಚಮ, ಅಂದರೆ ಪ. ಪ್ರತಿಯೊಂದು ತಂತಿಯೂ ತನ್ನ ಮೂಲ ಸ್ವರದ ಜತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟು ಕಂಪನದ ಉಪಸ್ವರಗಳನ್ನೂ ಹೊರಡಿಸುತ್ತದೆ. ಸಾ 240ರ ಮೂರನೆಯ ಉಪಸ್ವರ 720. ತಂಬೂರಿಯ ಮೊದಲ ತಂತಿ ಮಂದ್ರ (ಕೆಳಗಿನ ಸಪ್ತಕದ) ಪಂಚಮದಲ್ಲಿ, ಅಂದರೆ 180ರಲ್ಲಿ ಸರಿಯಾಗಿ ನಿಂತರೆ ಅದರ ನಾಲ್ಕನೆಯ ಉಪಸ್ವರವೂ 720. ಎರಡೂ ಒಂದಾದಾಗ ಮಿಡಿತವಿಲ್ಲ. ತಂತಿ 181ಕ್ಕೆ ಹೋದರೆ ಉಪಸ್ವರ 724ಕ್ಕೆ ಹೋಗಿ ಸೆಕೆಂಡಿಗೆ ನಾಲ್ಕು ಮಿಡಿತ ಕೇಳುತ್ತದೆ. ಒಂದು ಕಂಪನದ ತಪ್ಪನ್ನು ಉಪಸ್ವರಗಳು ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುತ್ತವೆ. ಹಳೆಯ ಗವಾಯಿಗಳು ಯಂತ್ರದ ಹಂಗಿಲ್ಲದೆ ಇಷ್ಟು ನಿಖರವಾಗಿ ತಂಬೂರಿ ಕೂಡಿಸುತ್ತಿದ್ದುದರ ಗುಟ್ಟು ಇದೇ.

ಮೂರನೆಯ ಹೆಜ್ಜೆ: ಖರಜದ ತಂತಿಯಲ್ಲಿ ಗಾಂಧಾರವನ್ನು ಹುಡುಕಿ

ನಾಲ್ಕನೆಯ, ಖರಜದ (ಒಂದು ಸಪ್ತಕ ಕೆಳಗಿನ ಸಾದ) ತಂತಿಯನ್ನು 120ಕ್ಕೆ ಕೂಡಿಸಿ. ಈಗ ಕುದುರೆಯ (ತಂತಿಗಳು ಹಾದುಹೋಗುವ ಸೇತುವೆಯ) ಮೇಲೆ ತಂತಿಯ ಕೆಳಗಿರುವ ಜೀವಾಳಿಯ ದಾರವನ್ನು ಉಗುರಿನಿಂದ ಎಳ್ಳುಕಾಳಿನಷ್ಟು ಹಿಂದೆ ಮುಂದೆ ಸರಿಸುತ್ತ ತಂತಿಯನ್ನು ಮೀಟಿ. ಒಂದು ಜಾಗದಲ್ಲಿ ದನಿ ಮಂಕಾಗಿರುತ್ತದೆ. ಇನ್ನೊಂದು ಜಾಗಕ್ಕೆ ಬಂದೊಡನೆ ಅದು ಅರಳುತ್ತದೆ. ಆಗ ಕಣ್ಣು ಮುಚ್ಚಿ ಕೇಳಿ. ಮೀಟಿದ ಕ್ಷಣದಲ್ಲಲ್ಲ, ಅದು ಮುಗಿದು ಅರ್ಧ ಸೆಕೆಂಡಿನ ಮೇಲೆ, ತಂತಿಯೊಳಗಿಂದ ಯಾರೂ ನುಡಿಸದ ಒಂದು ಗಾಂಧಾರ ಮೇಲೇಳುತ್ತದೆ. ಅದು 120ರ ಐದನೆಯ ಉಪಸ್ವರ: 600. ಒಂದು ಸಪ್ತಕ ಇಳಿಸಿದರೆ 300.

ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಮೊದಲ ಸಲ ಕೇಳಿಸದಿದ್ದರೆ ಬೇಸರಿಸಬೇಡಿ. ನಿಮ್ಮ ಬಾಯಿಂದ ಮೆಲ್ಲಗೆ ಗ ಹಾಡಿ, ಸಟ್ಟನೆ ನಿಲ್ಲಿಸಿ. ದನಿ ನಿಂತ ಜಾಗದಲ್ಲಿ ತಂತಿಯ ಗಾಂಧಾರ ಕಾಣಿಸಿಕೊಳ್ಳುತ್ತದೆ. ಹಿಂದೂಸ್ತಾನಿ ಗಾಯನ ಪರಂಪರೆಗಳಲ್ಲಿ ಒಂದಾದ ಕಿರಾನಾ ಘರಾನೆಯವರು ಸ್ವರಕ್ಕೆ ಕೊಡುವ ಬೆಲೆ ಏನೆಂದು ನನಗೆ ತಿಳಿದದ್ದು ಇದನ್ನು ಕೇಳಿದ ದಿನ. ಆ ಪರಂಪರೆಗೂ ಪುಣೆಗೂ ನಮ್ಮ ಕಡೆಗೂ ಇರುವ ನಂಟು ಗಟ್ಟಿಯಾದದ್ದು. ಅಬ್ದುಲ್ ಕರೀಂ ಖಾನರು 1913ರಲ್ಲಿ ಇಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರಾದ ಭೀಮಸೇನ ಜೋಶಿಯವರು ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿ, 1953ರಿಂದ ಗುರುವಿನ ಹೆಸರಿನ ಉತ್ಸವವನ್ನು ಬೆಳೆಸಿದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಶ್ರುತಿಗಳನ್ನು ಅಳೆಯಲು ಹೊರಟಾಗ ಹಾಡಿ ನೆರವಾದವರೂ ಅಬ್ದುಲ್ ಕರೀಂ ಖಾನರೇ.

ನಾಲ್ಕನೆಯ ಹೆಜ್ಜೆ: ಪೆನ್ನು ಹಿಡಿಯಿರಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಇಡೀ ವಿಷಯದ ಗಂಟು ಇಲ್ಲಿದೆ. ಪಂಚಮದಿಂದ ಪಂಚಮಕ್ಕೆ ಹೋಗುತ್ತ ಸ್ವರಗಳನ್ನು ಹುಟ್ಟಿಸೋಣ. ಪ್ರತಿ ಸಲ 3/2ರಿಂದ ಗುಣಿಸುವುದು, ಸಪ್ತಕ ದಾಟಿದರೆ ಅರ್ಧಕ್ಕೆ ಇಳಿಸುವುದು.

240ರಿಂದ 360, ಇದು ಪ. 360ರಿಂದ 540, ಅರ್ಧ ಮಾಡಿದರೆ 270, ಇದು ರಿ. 270ರಿಂದ 405, ಇದು ಧ. 405ರಿಂದ 607.5, ಅರ್ಧ ಮಾಡಿದರೆ 303.75, ಇದು ಗ.

ತಂಬೂರಿ ಹೇಳಿದ ಗಾಂಧಾರ 300. ಪಂಚಮಗಳ ದಾರಿಯಲ್ಲಿ ನಡೆದು ತಲುಪಿದ ಗಾಂಧಾರ 303.75. ಎಲ್ಲೂ ಕೂಡಿ ಕಳೆಯುವಾಗ ತಪ್ಪಿಲ್ಲ, ಪ್ರತಿ ಪಂಚಮವೂ ಶುದ್ಧ, ಆದರೂ ಎರಡು ಗಾಂಧಾರ. ಇವೆರಡರ ಅನುಪಾತ 81/80, ಅಂದರೆ 21.5 ಸೆಂಟ್. ನಾಟ್ಯಶಾಸ್ತ್ರದಲ್ಲಿ ಭರತಮುನಿ ಎರಡು ವೀಣೆಗಳನ್ನು ಇಟ್ಟುಕೊಂಡು, ಒಂದನ್ನು ಹಾಗೇ ಬಿಟ್ಟು ಇನ್ನೊಂದರ ಪಂಚಮವನ್ನು ಒಂದು ಪ್ರಮಾಣಶ್ರುತಿ (ಅಳತೆಗೆ ಹಿಡಿದ ಒಂದು ಸಣ್ಣ ಅಂತರ) ಇಳಿಸಿ ತೋರಿಸುವ ಪ್ರಯೋಗವಿದೆ. ಆ ಪ್ರಮಾಣಶ್ರುತಿಯನ್ನು ಇಂದು ಬಹಳ ಮಂದಿ ಇದೇ 81/80 ಎಂದು ಲೆಕ್ಕ ಹಾಕುತ್ತಾರೆ.

ಇದೇ ದಾರಿಯಲ್ಲಿ ಹನ್ನೆರಡು ಪಂಚಮ ನಡೆದರೆ ಮತ್ತೆ ಸಾಗೆ ಮರಳಬೇಕು. ಮರಳುವುದಿಲ್ಲ. 3/2ನ್ನು ಹನ್ನೆರಡು ಸಲ ಗುಣಿಸಿದರೆ 129.746. ಏಳು ಸಪ್ತಕವೆಂದರೆ 2ರ ಏಳನೆಯ ಘಾತ, 128. ಹೊರಟದ್ದು 240ರಿಂದ, ಬಂದು ನಿಂತದ್ದು 243.27ರಲ್ಲಿ. ಮೂರರ ಯಾವ ಘಾತವೂ ಎರಡರ ಯಾವ ಘಾತಕ್ಕೂ ಸಮನಾಗುವುದಿಲ್ಲ, ಒಂದು ಬೆಸ, ಇನ್ನೊಂದು ಸಮ. ಈ ಬಿರುಕನ್ನು ಯಾವ ಕುಶಲಕರ್ಮಿಯೂ ಮುಚ್ಚಲಾರ. ಅದನ್ನು ಎಲ್ಲಿ ಬಚ್ಚಿಡಬೇಕು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು.

ಅಂಗಡಿಯ ಪೇಟಿಗಳಲ್ಲಿರುವ, ಎಲ್ಲ ಪಟ್ಟಿಗಳ ಅಂತರವೂ ಒಂದೇ ಆಗಿರುವ ಸಮಾನಾಂತರ ಶ್ರುತಿಯ ತೀರ್ಮಾನ ಏನೆಂದರೆ, ಬಿರುಕನ್ನು ಹನ್ನೆರಡು ಸಮಪಾಲು ಮಾಡಿ ಎಲ್ಲ ಪಂಚಮಗಳಿಗೂ ಹಂಚುವುದು. ಒಂದೊಂದು ಪಟ್ಟಿಗೂ 2ರ ಹನ್ನೆರಡನೆಯ ಮೂಲ, 1.059463. ಚೀನಾದ ಜು ಝೈಯು 1584ರಲ್ಲೇ ಇದನ್ನು ಲೆಕ್ಕ ಹಾಕಿದ್ದ. ಪಂಚಮಕ್ಕೆ ಬರುವ ನಷ್ಟ ಎರಡೇ ಸೆಂಟ್: 360 ಇರಬೇಕಾದದ್ದು 359.59. ಆದರೆ ಗಾಂಧಾರ 302.38ಕ್ಕೆ ಹೋಗಿ ಕೂರುತ್ತದೆ. ಧಾರವಾಡದ ಅಕ್ಕನನ್ನು ಮೇಲಕ್ಕೆ ಎಳೆದದ್ದು ಈ 2.38 ಕಂಪನ.

ಐದನೆಯ ಹೆಜ್ಜೆ: ಪೇಟಿಯ ತಪ್ಪನ್ನು ಕಿವಿಯಿಂದ ಎಣಿಸಿ

ಪೇಟಿಯಲ್ಲಿ ಒಂದೇ ಸಾಲಿನ ರೀಡ್ (ಗಾಳಿ ಹಾಯ್ದಾಗ ದನಿ ಕೊಡುವ ಹಿತ್ತಾಳೆಯ ತುಣುಕು) ತೆರೆದಿಟ್ಟು ಉಳಿದ ಸಾಲುಗಳನ್ನು ಮುಚ್ಚಿ. ತಿದಿಯನ್ನು ಒಂದೇ ಹದದಲ್ಲಿ ಒತ್ತಿ, ಗಾಳಿಯ ಒತ್ತಡ ಬದಲಾದರೆ ರೀಡಿನ ಶ್ರುತಿಯೂ ಅಲುಗಾಡುತ್ತದೆ. ಸಾ ಮತ್ತು ಪ ಒಟ್ಟಿಗೆ ಹಿಡಿಯಿರಿ. ಸೆಕೆಂಡಿಗೆ ಒಂದಕ್ಕಿಂತ ಕಡಿಮೆ, ಬಲು ನಿಧಾನದ ತೂಗಾಟ ಕೇಳುತ್ತದೆ. ಈಗ ಸಾ ಮತ್ತು ಗ ಹಿಡಿಯಿರಿ. ಸಾದ ಐದನೆಯ ಉಪಸ್ವರ 1200, ಪೇಟಿಯ ಗಾಂಧಾರದ ನಾಲ್ಕನೆಯ ಉಪಸ್ವರ 1209.5. ಸೆಕೆಂಡಿಗೆ ಒಂಬತ್ತೂವರೆ ಮಿಡಿತ. ಅಷ್ಟು ವೇಗವನ್ನು ಎಣಿಸಲಾಗದು, ಒರಟಾದ ನಡುಕದಂತೆ ಕೇಳುತ್ತದೆ. ಅದೇ ಜೋಡಿಯನ್ನು ಮಂದ್ರ ಸಪ್ತಕದಲ್ಲಿ ಹಿಡಿದರೆ ವೇಗ ಅರ್ಧವಾಗಿ ಎಣಿಕೆಗೆ ಸಿಗುತ್ತದೆ.

ಇಷ್ಟೇ ಸಾಕೆನ್ನಿಸಿದರೆ ಇಲ್ಲಿಗೇ ನಿಲ್ಲಿಸಬಹುದು. ಹಾಡುವಾಗ ಶುದ್ಧ ಗ, ಧ, ನಿ ಬಂದಲ್ಲಿ ಪಟ್ಟಿಯ ಮೇಲೆ ಉದ್ದಕ್ಕೆ ನಿಲ್ಲದೆ ಕೈ ಎತ್ತಿದರೂ ಗಾಯಕರಿಗೆ ದೊಡ್ಡ ಉಪಕಾರ. ನಾನು ಮೂರು ವಾರ ಹಾಗೆಯೇ ನುಡಿಸಿದೆ.

ಆರನೆಯ ಹೆಜ್ಜೆ: ತಿದ್ದುವ ಮುನ್ನ ಬೆಲೆ ತಿಳಿದುಕೊಳ್ಳಿ

ಪೇಟಿಯನ್ನು ಕರಿ 5ರ ಸಾಗೆ ಶುದ್ಧ ಮಾಡಿದರೆ ಇತರ ಪಟ್ಟಿಗಳಿಂದ ಹಾಡುವುದು ಕೆಡುತ್ತದೆ. ಒಂದು ಉದಾಹರಣೆ. ಗಂಡಸರೊಬ್ಬರು ಬಂದು ಬಿಳಿ 1ರಿಂದ ಹಾಡುತ್ತೇನೆ ಎಂದರು ಎನ್ನಿ. ನಮ್ಮ ರಿ ಅವರ ಸಾ ಆಗುತ್ತದೆ: 270. ನಮ್ಮ ಧ ಅವರ ಪಂಚಮ. ಅದನ್ನು ನಾವು ಸಾದ 5/3 ಆಗುವಂತೆ 400ಕ್ಕೆ ಇಟ್ಟಿದ್ದೇವೆ (ಕಾರಣ ಮುಂದಿದೆ), ಅವರಿಗೆ ಬೇಕಾದದ್ದು 405. ಸೆಕೆಂಡಿಗೆ ಹತ್ತು ಮಿಡಿತ. ಪಂಚಮವೇ ಹೀಗೆ ಒಡೆದರೆ ಹಾಡುವುದು ಸಾಧ್ಯವಿಲ್ಲ. ಸ್ಕೇಲ್ ಚೇಂಜರ್ ಪೇಟಿಯೂ ಇದಕ್ಕೆ ಪರಿಹಾರವಲ್ಲ, ಅಲ್ಲಿ ಪಟ್ಟಿಗಳು ಸರಿಯುತ್ತವೆಯೇ ಹೊರತು ಒಳಗಿನ ರೀಡುಗಳ ಅಂತರ ಇದ್ದಂತೆಯೇ ಇರುತ್ತದೆ. ಹತ್ತು ಜನ ಹತ್ತು ಶ್ರುತಿಯಲ್ಲಿ ಹಾಡುವ ಮನೆಯಾದರೆ ಸಮಾನಾಂತರ ಶ್ರುತಿಯೇ ಸರಿ, ಅದನ್ನು ಮುಟ್ಟಬೇಡಿ. ಒಂದೇ ಸಾಗೆ ಹಾಡುವ ಗುಂಪಾದರೆ ಮಾತ್ರ ಮುಂದೆ ಹೋಗಿ.

ಇನ್ನೂ ಕಠಿಣವಾದ ತೀರ್ಮಾನವೊಂದು ಉಳಿದಿದೆ: ಧೈವತ, ಅಂದರೆ ಧ. 400ಕ್ಕೆ ಇಟ್ಟರೆ ಅದು ಗಾಂಧಾರ ಮಧ್ಯಮಗಳ ಜತೆ ಚೆನ್ನಾಗಿ ಕೂಡುತ್ತದೆ, ಆದರೆ ರಿಷಭದ ಜತೆ ಜಗಳ. 405ಕ್ಕೆ ಇಟ್ಟರೆ ರಿಷಭ ಒಲಿಯುತ್ತದೆ, ಗಾಂಧಾರ ಮುನಿಯುತ್ತದೆ. ಎರಡನ್ನೂ ಒಂದೇ ರೀಡಿನಿಂದ ಪಡೆಯುವಂತಿಲ್ಲ. ಗಾಯಕರು ಇದನ್ನು ಯೋಚಿಸದೆಯೇ ನಿಭಾಯಿಸುತ್ತಾರೆ, ಎಲ್ಲಿಂದ ಬಂದರು, ಎಲ್ಲಿಗೆ ಹೊರಟರು ಎಂಬುದರ ಮೇಲೆ ಧೈವತವನ್ನು ಕೂದಲೆಳೆಯಷ್ಟು ಸರಿಸಿಬಿಡುತ್ತಾರೆ. ಪೇಟಿಗೆ ಆ ಭಾಗ್ಯವಿಲ್ಲ. ಆಕಾಶವಾಣಿ 1940ರಿಂದ ಮೂರು ದಶಕ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಸೇರಿತ್ತು. ನಾನು ಆ ನಿಷೇಧವನ್ನು ಒಪ್ಪುವುದಿಲ್ಲ, ಆದರೆ ಆಕ್ಷೇಪದಲ್ಲಿ ಹುರುಳಿತ್ತು. ನಮ್ಮ ಪದಗಳಲ್ಲಿ ಗ ಮತ್ತು ಧ ಹೆಚ್ಚು ಜತೆಯಾಗಿ ಬರುವುದರಿಂದ ನಾನು 400ನ್ನು ಆರಿಸಿಕೊಂಡೆ.

ಏಳನೆಯ ಹೆಜ್ಜೆ: ಗುರಿಯ ಅಂಕಿಗಳು

ಮೊದಲು ಮೊಬೈಲಿನಲ್ಲಿ ನಿಮ್ಮ ಸಾ ಎಷ್ಟು ಸೆಂಟ್ ತೋರಿಸುತ್ತದೆ ಎಂದು ನೋಡಿ. ಹಳೆಯ ಪೇಟಿಯಲ್ಲಿ ಅದು ಸೊನ್ನೆಯಾಗಿರುವುದು ಅಪರೂಪ. ಕೆಳಗಿನ ಅಂಕಿಗಳು ಪ್ರತಿ ಸ್ವರ ಮಾಪಕದ ಸೊನ್ನೆಯಿಂದ ಎಷ್ಟು ಸೆಂಟ್ ಮೇಲೆ ಅಥವಾ ಕೆಳಗೆ ನಿಲ್ಲಬೇಕು ಎಂಬುದನ್ನು ಹೇಳುತ್ತವೆ. ನಿಮ್ಮ ಸಾ 8 ಮೇಲಿದ್ದರೆ ಪ್ರತಿಯೊಂದು ಗುರಿಯನ್ನೂ 8 ಮೇಲಕ್ಕೆ ಸರಿಸಿ. ಆವರಣದಲ್ಲಿರುವುದು ಸಾಗೆ ಇರುವ ಅನುಪಾತ. ಕೋಮಲ ಎಂದರೆ ಶುದ್ಧ ಸ್ವರಕ್ಕಿಂತ ಒಂದು ಪಟ್ಟಿ ಕೆಳಗಿನದು, ತೀವ್ರ ಎಂದರೆ ಒಂದು ಪಟ್ಟಿ ಮೇಲಿನದು.

ಕೋಮಲ ರಿ (16/15): 11.7 ಮೇಲೆ
ರಿ (9/8): 3.9 ಮೇಲೆ
ಕೋಮಲ ಗ (6/5): 15.6 ಮೇಲೆ
ಗ (5/4): 13.7 ಕೆಳಗೆ
ಮ (4/3): 2 ಕೆಳಗೆ
ತೀವ್ರ ಮ (45/32): 9.8 ಕೆಳಗೆ
ಪ (3/2): 2 ಮೇಲೆ
ಕೋಮಲ ಧ (8/5): 13.7 ಮೇಲೆ
ಧ (5/3): 15.6 ಕೆಳಗೆ
ಕೋಮಲ ನಿ (9/5): 17.6 ಮೇಲೆ
ನಿ (15/8): 11.7 ಕೆಳಗೆ

ಶುದ್ಧ ಗ, ಧ, ನಿ ಇಳಿಯುತ್ತವೆ, ಕೋಮಲಗಳೆಲ್ಲ ಏರುತ್ತವೆ. ಇದನ್ನು ನೆನಪಿಟ್ಟುಕೊಂಡರೆ ಕೈ ತಪ್ಪು ದಿಕ್ಕಿಗೆ ಹೋಗುವುದಿಲ್ಲ.

ಎಂಟನೆಯ ಹೆಜ್ಜೆ: ರೀಡಿಗೆ ಅರ ಹಾಕುವುದು

ಮೊದಲು ಬಳಸದ ಹಳೆಯ ರೀಡೊಂದರ ಮೇಲೆ ಕೈ ಪಳಗಿಸಿಕೊಳ್ಳಿ. ಮನೆತನದ ಹಳೆಯ, ಬೆಲೆಬಾಳುವ ಪೇಟಿಯಾದರೆ ನೀವು ಮುಟ್ಟದೆ, ಈ ಅಂಕಿಗಳನ್ನು ಬರೆದುಕೊಂಡು ರಿಪೇರಿ ಮಾಡುವವರ ಬಳಿ ಹೋಗಿ.

ರೀಡಿನ ಹಿತ್ತಾಳೆಯ ನಾಲಿಗೆ ಒಂದು ತುದಿಯಲ್ಲಿ ರಿವೆಟ್ಟಿನಿಂದ ಬಿಗಿದಿರುತ್ತದೆ, ಇನ್ನೊಂದು ತುದಿ ಬಿಡಿಯಾಗಿ ಅಲುಗುತ್ತದೆ. ಬಿಡಿಯಾದ ತುದಿಯ ಬಳಿ ಕೆರೆದರೆ ತೂಕ ಕಡಿಮೆಯಾಗಿ ಸ್ವರ ಏರುತ್ತದೆ. ರಿವೆಟ್ಟಿನ ಬಳಿ ಕೆರೆದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ನಾಲಿಗೆಯ ಕೆಳಗೆ ಬ್ಲೇಡಿನಷ್ಟು ತೆಳುವಾದ ತಗಡೊಂದನ್ನು ತೂರಿಸಿ ಆಧಾರ ಕೊಡಿ, ಇಲ್ಲದಿದ್ದರೆ ಒತ್ತಡಕ್ಕೆ ನಾಲಿಗೆ ಬಾಗುತ್ತದೆ. ನುಣುಪಾದ ಸಣ್ಣ ಅರದಿಂದ, ನಾಲಿಗೆಯ ಉದ್ದಕ್ಕೆ, ಎರಡೇ ಎರಡು ಎಳೆತ. ಪುಡಿಯನ್ನು ಮೆತ್ತನೆಯ ಕುಂಚದಿಂದ ಒರೆಸಿ. ಒಂದು ನಿಮಿಷ ಕಾಯಿರಿ, ಉಜ್ಜಿದ ಬಿಸಿಗೆ ಹಿತ್ತಾಳೆ ಸುಳ್ಳು ಹೇಳುತ್ತದೆ. ಆಮೇಲೆ ಜಾಗದಲ್ಲಿ ಕೂರಿಸಿ ಗಾಳಿ ಕೊಟ್ಟು ನೋಡಿ. ನಮ್ಮ ಪೇಟಿಯ ಗಾಂಧಾರವನ್ನು 13.7 ಇಳಿಸಲು ನಾನು ಹನ್ನೊಂದು ಸಲ ರೀಡನ್ನು ತೆಗೆದು ಹಾಕಿದೆ. ಆತುರಪಟ್ಟು ದಾಟಿಹೋದರೆ ಇನ್ನೊಂದು ತುದಿಯಿಂದ ತಿದ್ದಬಹುದು, ಆದರೆ ಪ್ರತಿ ತಿದ್ದುಪಡಿಗೂ ನಾಲಿಗೆ ಸವೆದು ತೆಳ್ಳಗಾಗುತ್ತದೆ.

ಒಂಬತ್ತನೆಯ ಹೆಜ್ಜೆ: ಮೊಬೈಲ್ ಬದಿಗಿಟ್ಟು ಮಿಡಿತದಿಂದ ಮುಗಿಸಿ

ಮಾಪಕ ಗುರಿಯ ಹತ್ತಿರ ತಂದು ಬಿಡುತ್ತದೆ, ಕೊನೆಯ ಒಂದೆರಡು ಸೆಂಟ್ ಕಿವಿಯ ಕೆಲಸ. ಸಾ ಹಿಡಿದು ಪ, ಮ, ಗ ಮೂರನ್ನೂ ಮಿಡಿತ ನಿಲ್ಲುವಂತೆ ಮಾಡಿ. ಪ ಹಿಡಿದು ಅದರ ಕೆಳಗಿನ ರಿ ನೋಡಿ. ಗ ಹಿಡಿದು ನಿ, ಮ ಹಿಡಿದು ಧ. ಶುದ್ಧ ಸ್ವರಗಳು ಮುಗಿದವು. ಕೋಮಲ ಗವನ್ನು ಪದಿಂದ, ಕೋಮಲ ಧವನ್ನು ತಾರ (ಮೇಲಿನ ಸಪ್ತಕದ) ಸಾದಿಂದ, ಕೋಮಲ ರಿಯನ್ನು ಮದಿಂದ, ಕೋಮಲ ನಿಯನ್ನು ಕೋಮಲ ಗದಿಂದ, ತೀವ್ರ ಮವನ್ನು ನಿಯಿಂದ ಪರೀಕ್ಷಿಸಿ. ಈ ಜೋಡಿಗಳೆಲ್ಲ ಸಾ-ಗ, ಸಾ-ಮ ಅಥವಾ ಸಾ-ಪ ಅಂತರದವೇ ಆದ್ದರಿಂದ ಯಾವುದನ್ನೂ ಹೊಸದಾಗಿ ಕಲಿಯಬೇಕಿಲ್ಲ. ಕೊನೆಗೆ ಗ ಮತ್ತು ಧ ಒಟ್ಟಿಗೆ ಹಿಡಿದು ನೋಡಿ. ಅಲ್ಲಿ ನಿಶ್ಚಲವಾಗಿದ್ದರೆ ಕೆಲಸ ಸರಿಯಾಗಿದೆ.

ಒಂದು ಸಪ್ತಕ ಮುಗಿದ ಮೇಲೆ ಮಂದ್ರ, ತಾರ ಸಪ್ತಕಗಳನ್ನು ಅದಕ್ಕೆ ಹೊಂದಿಸಿ. ಆಮೇಲಷ್ಟೇ ಎರಡನೆಯ ಸಾಲಿನ ರೀಡುಗಳು. ಎರಡೂ ಸಾಲು ತೆರೆದಾಗ ಒಂದೇ ಪಟ್ಟಿಯಲ್ಲಿ ಮಿಡಿತ ಕೇಳಿದರೆ ಎರಡನೆಯದನ್ನು ತಿದ್ದಿ, ಮೊದಲನೆಯದನ್ನು ಮತ್ತೆ ಮುಟ್ಟಬೇಡಿ. ನನಗೆ ಇಡೀ ಪೇಟಿಗೆ ನಾಲ್ಕು ಭಾನುವಾರ ಹಿಡಿಯಿತು.

ಹೊಸದಾಗಿ ಕೆರೆದ ಹಿತ್ತಾಳೆ ಎರಡು ಮೂರು ವಾರ ನುಡಿಸಿದ ಮೇಲೆ ಸ್ವಲ್ಪ ಸರಿದು ನೆಲೆಗೊಳ್ಳುತ್ತದೆ, ಆಗ ಇನ್ನೊಮ್ಮೆ ನೋಡಿ. ಯಾವ ಸಾ, ಧೈವತ ಯಾವುದು, ಯಾವ ದಿನ ತಿದ್ದಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಪೇಟಿಯ ಮುಚ್ಚಳದ ಒಳಗೆ ಅಂಟಿಸಿ, ಮುಂದೆ ಅದನ್ನು ತೆರೆಯುವವರಿಗೆ ಬೇಕಾಗುತ್ತದೆ. ನಮ್ಮ ಚೀಟಿಯಲ್ಲಿ "ಸಾ ಕರಿ 5, ಧ 5/3" ಎಂದಿದೆ. ಅದರ ಕೆಳಗೆ ಧಾರವಾಡದ ಅಕ್ಕ ತಮ್ಮ ಕೈಯಾರೆ ಬರೆದಿದ್ದಾರೆ: "ಗಾಂಧಾರ ಸರಿ ಇದೆ."